ಒಂದೇ ತುಣುಕಿಗೆ ಎರಡು ಹಾಳೆ

ಚಿತ್ತಾಪುರದಲ್ಲಿ ನಮ್ಮ ಓಣಿಯವರೆಲ್ಲ ನನ್ನನ್ನು ಲೈಬ್ರರಿಯಲ್ಲಿ ಕೆಲಸ ಮಾಡುವವಳು ಎಂದೇ ತಿಳಿದಿದ್ದರು. ತಪ್ಪು ನನ್ನದೇ. ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದ ಮೊದಲ ವಾರ, ಅಲ್ಲಿ ಏನು ಮಾಡುತ್ತೀ ಎಂದು ಅವ್ವ ಕೇಳಿದಾಗ, "ಲೈಬ್ರರಿ ನೋಡ್ಕೋತೀನಿ" ಎಂದುಬಿಟ್ಟಿದ್ದೆ. ನನ್ನನ್ನು ನೋಡಲು ಸೇಡಂನಿಂದ ಬಂದ ಗಂಡಿನ ಕಡೆಯ ಹಿರಿಯರೊಬ್ಬರು, "ಪುಸ್ತಕ ಭಾಳ ಅವೇನವ್ವ ಅಲ್ಲಿ?" ಎಂದು ಕೇಳಿದರು. "ಒಂದೇ ಅದರಿ" ಎಂದೆ. ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ.

ಆ ಒಂದು ಪುಸ್ತಕದ ಸಲುವಾಗಿ ನಾನು ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ದ್ವೇಷಿಸಿದೆ. ಅವನೂ ನನ್ನನ್ನು ಅಷ್ಟೇ ನಿಷ್ಠೆಯಿಂದ ದ್ವೇಷಿಸಿದ. ಅವನು ನಮ್ಮ ವಿಭಾಗದ ಹಿರಿಯ ಪ್ರೋಗ್ರಾಮರ್. ಎದುರಿಗೆ ಸರ್ ಎನ್ನುತ್ತಿದ್ದೆ, ಬರ್ರಿ ಹೋಗ್ರಿ ಎನ್ನುತ್ತಿದ್ದೆ. ಇಲ್ಲಿ ಬರೆಯುವಾಗ ಬಹುವಚನ ಹಚ್ಚಲು ಕೈ ಏಳುವುದಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ವಾಡಿಯ ಸುತ್ತ ಸಿಮೆಂಟ್ ಕಾರ್ಖಾನೆಗಳು ಒಂದೆರಡಲ್ಲ. ನಮ್ಮದು ಯಾವುದೆಂದು ಹೇಳುವುದಿಲ್ಲ. ದಿನಾ ಬೆಳಿಗ್ಗೆ ಚಿತ್ತಾಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಬಂದು, ಅಲ್ಲಿಂದ ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದೆ. ಕಂಪ್ಯೂಟರ್ ವಿಭಾಗಕ್ಕೆ ಎರಡು ಕೋಣೆ. ಒಳಗಿನ ಕೋಣೆಯಲ್ಲಿ ಯಂತ್ರ, ಅದಕ್ಕೆ ಏರ್ ಕಂಡೀಷನರ್. ಹೊರಗಿನ ಕೋಣೆಯಲ್ಲಿ ನಾವು ಆರು ಜನ, ನಮಗೆ ಒಂದು ಫ್ಯಾನು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದರೂ ಸಿಮೆಂಟಿನ ದೂಳು ಬಂದು ಮೇಜಿನ ಮೇಲೆ ಕೂರುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ರೊಟ್ಟಿ ಹಲ್ಲಿಗೆ ಕರಕರ ಎನ್ನುತ್ತಿತ್ತು.

ಲೈಬ್ರರಿ ಎಂದರೆ ಇಷ್ಟು. ಒಂದೇ ಲೆಕ್ಕವನ್ನು ಹತ್ತು ಪ್ರೋಗ್ರಾಮಿನಲ್ಲಿ ಹತ್ತು ಸಲ ಬರೆಯುವ ಬದಲು ಒಮ್ಮೆ ಬರೆದು ಇಟ್ಟುಕೊಂಡ ಸಿದ್ಧ ತುಣುಕುಗಳ ಗುಂಪು. ಎರಡು ತಾರೀಖುಗಳ ನಡುವೆ ಎಷ್ಟು ದಿನ ಎಂದು ಹೇಳುವ ತುಣುಕು, ಹೆಸರುಗಳನ್ನು ಅಕ್ಷರದ ಪ್ರಕಾರ ಸಾಲು ಹಚ್ಚುವ ತುಣುಕು, ಕ್ವಿಂಟಲನ್ನು ಟನ್ ಮಾಡುವ ತುಣುಕು. ಯಾವ ತುಣುಕಿಗೆ ಏನು ಕೊಡಬೇಕು, ಅದು ಏನು ತಿರುಗಿ ಕೊಡುತ್ತದೆ, ಎಲ್ಲಿ ಎಚ್ಚರ ಇರಬೇಕು ಎಂಬುದನ್ನು ಒಂದೊಂದು ಹಾಳೆಯಲ್ಲಿ ಟೈಪ್ ಮಾಡಿ ದಪ್ಪ ಫೈಲಿನಲ್ಲಿ ಇಟ್ಟಿದ್ದರು. ಅದೇ ಆ ಒಂದು ಪುಸ್ತಕ. ಹೊಸ ಪ್ರೋಗ್ರಾಮ್ ಬರೆಯುವವರು ಯಾರೂ ತುಣುಕನ್ನು ಬಿಚ್ಚಿ ಒಳಗೆ ನೋಡುತ್ತಿರಲಿಲ್ಲ. ಹಾಳೆ ನೋಡುತ್ತಿದ್ದರು, ಹಾಳೆ ಹೇಳಿದ್ದನ್ನು ನಂಬುತ್ತಿದ್ದರು.

ತುಣುಕುಗಳಲ್ಲಿ ಹೆಚ್ಚಿನವನ್ನು ಬರೆದವನು ನಾನು ಸೇರುವ ಮೊದಲೇ ಬೇರೆ ಊರಿಗೆ ವರ್ಗವಾಗಿ ಹೋಗಿದ್ದ. ಅವನ ಮುಖವನ್ನೂ ನಾನು ಕಂಡವಳಲ್ಲ. ತಾನು ಬರೆದದ್ದಕ್ಕೆಲ್ಲ ಹಾಳೆ ಬರೆದಿಟ್ಟೇ ಹೋಗಿದ್ದ. ನಮ್ಮ ಹಿರಿಯ ಪ್ರೋಗ್ರಾಮರನಿಗೆ ಅವನ ಹೆಸರು ಕೇಳಿದರೆ ಆಗುತ್ತಿರಲಿಲ್ಲ. ಏಕೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಎಲ್ಲ ಪ್ರೋಗ್ರಾಮುಗಳೂ ಆ ತುಣುಕುಗಳ ಮೇಲೇ ನಿಂತಿದ್ದರಿಂದ ತುಣುಕುಗಳನ್ನು ಕಿತ್ತು ಬಿಸಾಡಲು ಆಗಲಿಲ್ಲ. ಅದಕ್ಕೆ ಅವೇ ತುಣುಕುಗಳಿಗೆ ತಾನೂ ಒಂದೊಂದು ಹಾಳೆ ಬರೆದ, ಕೆಳಗೆ ತನ್ನ ಸಹಿ ಹಾಕಿದ, ಬೇರೆ ತಲೆಬರಹದ ಕೆಳಗೆ ಫೈಲಿಗೆ ಸೇರಿಸಿದ. ಹೀಗೆ ಒಂದೇ ತುಣುಕು ಫೈಲಿನಲ್ಲಿ ಎರಡು ಕಡೆ, ಎರಡು ಬಗೆಯ ಮಾತಿನಲ್ಲಿ ಕುಳಿತುಕೊಂಡಿತು. ಎರಡೂ ಹಾಳೆ ಒಂದೇ ಮಾತು ಹೇಳಿದ್ದರೆ ಕಾಗದ ಹಾಳಾಯಿತು ಎಂದು ಸುಮ್ಮನಿರಬಹುದಿತ್ತು. ಹೇಳುತ್ತಿರಲಿಲ್ಲ.

ಒಂದು ದಿನ ಎರಡು ಪಟ್ಟಿಗಳಲ್ಲಿ ಒಂದೇ ವ್ಯಾಗನ್ನಿನ ತೂಕ ಎರಡು ರೀತಿ ಅಚ್ಚಾಯಿತು. ಒಬ್ಬ ಪ್ರೋಗ್ರಾಮರ್ ಒಂದು ಹಾಳೆ ನಂಬಿದ್ದ, ಇನ್ನೊಬ್ಬ ಇನ್ನೊಂದನ್ನು. ಹೊರಗಿನಿಂದ ಬಂದಿದ್ದ ಮ್ಯಾನೇಜರಿಗೆ ಕನ್ನಡ ಕಡಿಮೆ, ಮಾತೇ ಕಡಿಮೆ. ಫೈಲನ್ನು ಅರ್ಧ ಗಂಟೆ ತಿರುವಿ ಹಾಕಿ, ಒಂದು ತುಣುಕಿಗೆ ಒಂದೇ ಹಾಳೆ ಇರಬೇಕು, ಎರಡನೆಯದೆಲ್ಲ ತೆಗೆಯಿರಿ ಎಂದು ಹೇಳಿ ಹೋದರು. ಅವರು ಹೇಳಿದ್ದು ಹಿರಿಯ ಪ್ರೋಗ್ರಾಮರನಿಗೆ. ಅವನು ಫೈಲನ್ನು ತಂದು ನನ್ನ ಮೇಜಿನ ಮೇಲೆ ಧೊಪ್ಪೆಂದು ಇಟ್ಟ.

"ನೋಡವ್ವ, ಇದು ಜ್ವಾಳ ಹಸನ ಮಾಡಿದಂಗ. ಹೆಣ್ಮಕ್ಕಳಿಗಿ ಚಲೋ ಬರ್ತದ. ಒಂದಕ್ಕ ಒಂದ್ ಹಾಳಿ ಇಡು, ಉಳಿದದ್ದು ತೆಗಿ."

"ಎರಡ್ರಾಗ ಯಾವುದು ಇಡ್ಲಿ ಸರ್?"

"ಯಾವುದು ಚಲೋ ಅದ ಅದು."

"ಚಲೋ ಯಾವುದು ಅಂತ ಹ್ಯಾಂಗ ಗೊತ್ತಾಗ್ತದರಿ?"

"ನನ್ನ ಸಹಿ ಯಾವುದರ ಮ್ಯಾಲ ಅದ ಅಂತ ಗೊತ್ತಾಗ್ತದಲ್ಲ?" ಎಂದು ನಕ್ಕ. ಕೋಣೆಯಲ್ಲಿದ್ದವರೂ ನಕ್ಕರು. ನನಗೆ ನಗು ಬರಲಿಲ್ಲ. ಬಿ.ಎಸ್ಸಿ.ಯಲ್ಲಿ ಗಣಿತ ಓದಿ ಬಂದವಳು ನಾನು. ಜೋಳ ಹಸನು ಮಾಡಲು ಬಂದಿದ್ದೇನೆ ಎಂದು ಅವನು ಹೇಳಿದ್ದು ಆವತ್ತೇ ಒಳಗೆ ಕುದಿಯತೊಡಗಿತು.

ಸಹಿ ನೋಡಿ ಆರಿಸುವುದಿಲ್ಲ ಎಂದು ನಿರ್ಧರಿಸಿದೆ. ಒಂದೊಂದು ತುಣುಕಿನ ಮೂಲವನ್ನೂ, ಎಂದರೆ ಯಂತ್ರಕ್ಕೆ ಬರೆದ ಸಾಲುಗಳನ್ನೂ, ಅಂಚಿಗೆ ತೂತುಗಳಿದ್ದ ಅಗಲವಾದ ಕಾಗದದ ಮೇಲೆ ಅಚ್ಚು ಹಾಕಿಸಿ ತೆಗೆದುಕೊಂಡೆ. ಅದರ ಎಡಕ್ಕೆ ವರ್ಗವಾಗಿ ಹೋದವನ ಹಾಳೆ, ಬಲಕ್ಕೆ ಹಿರಿಯ ಪ್ರೋಗ್ರಾಮರನ ಹಾಳೆ. ಸಾಲು ಸಾಲು ಓದಿದೆ. ಸಂದೇಹ ಬಂದರೆ ಯಂತ್ರದ ಮುಂದೆ ಕುಳಿತು ತುಣುಕಿಗೆ ನಾನೇ ಏನಾದರೂ ಕೊಟ್ಟು, ಏನು ಬರುತ್ತದೆ ನೋಡುತ್ತಿದ್ದೆ. ಮೊದಲ ವಾರದಲ್ಲೇ ಗೊತ್ತಾಯಿತು: ಹಿರಿಯ ಪ್ರೋಗ್ರಾಮರ್ ತುಣುಕಿನ ಒಳಗೆ ನೋಡದೆಯೇ ಹಾಳೆ ಬರೆದಿದ್ದ. ಹೋದವನ ಹಾಳೆಯನ್ನು ಮುಂದಿಟ್ಟುಕೊಂಡು ಮಾತು ಬದಲಿಸಿದ್ದ, ಅಷ್ಟೇ. ಬದಲಿಸುವಾಗ ಅರ್ಥವೂ ಬದಲಾಗಿತ್ತು.

ಮೊದಲ ಹದಿನೈದು ಜೋಡಿಗಳಲ್ಲಿ ನಾನು ತೆಗೆದ ಹಾಳೆಗಳೆಲ್ಲ ಅವನವೇ. ಪಟ್ಟಿಯನ್ನು ಅವನ ಮುಂದೆ ಇಟ್ಟೆ. ಅವನು ಬೆರಳು ಸರಿಸುತ್ತ ಕೆಳಗಿನವರೆಗೆ ಓದಿದ. ಆವತ್ತಿನವರೆಗೆ ನನಗೆ ನೀ ಎನ್ನುತ್ತಿದ್ದವನು ಅಂದು ಬಹುವಚನಕ್ಕೆ ಏರಿದ.

"ನೀವು ಭಾಳ ಶಾಣ್ಯಾ ಇದ್ದೀರಿ ಮೇಡಂ. ನಾ ಹನ್ನೆರಡು ವರ್ಷ ಮಾಡಿದ ಕೆಲಸದಾಗ ಒಂದೂ ಖರೇ ಇಲ್ಲೇನ್ರಿ?"

"ಮೂಲ ನೋಡೀನಿ ಸರ್. ನೀವೂ ನೋಡ್ರಿ, ಕಾಗದ ಇಲ್ಲೇ ಅವ."

"ನನಗ ನೋಡಂತ ಹೇಳಾಕತ್ತೀರಿ?"

ಆಮೇಲೆ ಅವನು ನನಗೆ ನೀ ಎನ್ನಲಿಲ್ಲ. ಆ 'ರಿ' ಹಚ್ಚಿದ ಮಾತಿನಷ್ಟು ಕೆಟ್ಟ ಬೈಗುಳವನ್ನು ನಾನು ಬೇರೆ ಎಲ್ಲೂ ಕೇಳಿಲ್ಲ.

ಮರುದಿನ ಬಂದು ನೋಡಿದರೆ ನನ್ನ ಮೇಜು ಫ್ಯಾನಿನ ಕೆಳಗೆ ಇರಲಿಲ್ಲ. ಬಾಗಿಲ ಪಕ್ಕಕ್ಕೆ, ಗೋಣಿಚೀಲದ ಹತ್ತಿರ ಸರಿಸಿದ್ದರು. ಯಂತ್ರದ ಮುಂದೆ ಕೂರಲು ನನಗೆ ಊಟದ ಹೊತ್ತು ಮಾತ್ರ ಎಂದು ಹೊಸ ಚೀಟಿ ಗೋಡೆಗೆ ಅಂಟಿಸಿದ್ದ. ಜೊತೆಯವರು ನನ್ನೊಡನೆ ಮಾತು ಕಡಿಮೆ ಮಾಡಿದರು. ನಮ್ಮ ಟೈಪಿಸ್ಟ್ ಶಹಾಬಾದಿನ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು; ಎಲ್ಲರೂ ಅಕ್ಕ ಎನ್ನುವ ಬದಲು ಆಪಾ ಎನ್ನುತ್ತಿದ್ದೆವು. ತಿದ್ದಿದ ಹಾಳೆಯನ್ನು ಅವಳ ಬಳಿ ಒಯ್ದರೆ ಮುಖ ಎತ್ತದೆ ಹೇಳಿದಳು:

"ನಿನ್ನ ಕಾಗದ ಮುಟ್ಟಬ್ಯಾಡ ಅಂತ ಹೇಳ್ಯಾರ."

"ಆಪಾ, ಒಂದೇ ಹಾಳಿ ಅದ."

"ಒಂದೇ ಇರ್ಲಿ, ನೂರು ಇರ್ಲಿ. ನಿಮ್ಮಿಬ್ಬರ ಝಗಡಾದಾಗ ನನ್ನ ಬೆರಳು ಮುರಿಲಿಕತ್ತಾವ. ಅವರು ಬರೆದ್ರು, ಟೈಪ್ ಮಾಡ್ದೆ. ನೀ ತೆಗೆದಿ, ಮತ್ತ ಟೈಪ್ ಮಾಡು ಅಂದಿ. ಯಾರ ಹಾಳಿ ಇದ್ರೂ ನನಗೇನು? ಹೋಗು."

ಅವಳ ಸಿಟ್ಟು ನ್ಯಾಯವಾದದ್ದೇ. ನನಗೆ ಆಗ ಹಾಗೆ ಅನಿಸಲಿಲ್ಲ. ಅವಳೂ ಅವನ ಕಡೆಯವಳು ಎಂದು ಮನಸ್ಸಿನಲ್ಲಿ ಗೆರೆ ಎಳೆದೆ. ಹಾಳೆಗಳನ್ನು ಕೈಯಲ್ಲೇ ಬರೆಯತೊಡಗಿದೆ.

ಈ ಹೊತ್ತಿನಲ್ಲೇ ನಾನು ಒಂದು ಕೆಟ್ಟ ಕೆಲಸ ಮಾಡಿದೆ. ಅದನ್ನು ಬಿಟ್ಟು ಬರೆದರೆ ನಾನೂ ಅವನ ಹಾಗೆ ಸುಳ್ಳು ಹಾಳೆ ಬರೆದಂತಾಗುತ್ತದೆ.

ಹೆಸರುಗಳನ್ನು ಸಾಲು ಹಚ್ಚುವ ತುಣುಕಿಗೂ ಎರಡು ಹಾಳೆ ಇದ್ದವು. ಹೋದವನ ಹಾಳೆ ಅಂದವಾಗಿತ್ತು. ಆದರೆ ಒಂದು ಮಾತು ಬಿಟ್ಟಿತ್ತು. ಇಪ್ಪತ್ತು ಅಕ್ಷರ ದಾಟಿದ ಹೆಸರನ್ನು ಆ ತುಣುಕು ಅಲ್ಲಿಗೇ ಕತ್ತರಿಸುತ್ತದೆ, ಎಚ್ಚರ ಎಂದು ಹಿರಿಯ ಪ್ರೋಗ್ರಾಮರನ ಹಾಳೆಯಲ್ಲಿತ್ತು. ಮೂಲ ನೋಡಿದೆ. ಅವನು ಬರೆದದ್ದು ನಿಜವಾಗಿತ್ತು. ಆ ಒಂದು ಜೋಡಿಯಲ್ಲಿ ಉಳಿಯಬೇಕಾದದ್ದು ಅವನ ಹಾಳೆ. ನನ್ನ ಮೇಜನ್ನು ದೂಳಿಗೆ ದಬ್ಬಿದವನ ಸಹಿಯನ್ನು ನಾನೇ ಹೊಸ ಫೈಲಿಗೆ ಹಾಕಬೇಕೇ ಎನಿಸಿತು. ಅವನ ಹಾಳೆ ಕಿತ್ತು, ತೆಗೆದ ಹಾಳೆಗಳ ಕಟ್ಟಿಗೆ ಸೇರಿಸಿದೆ. ಅವನ ಎಚ್ಚರಿಕೆಯ ಸಾಲನ್ನಾದರೂ ಇನ್ನೊಂದು ಹಾಳೆಯ ಕೆಳಗೆ ಬರೆಯಬಹುದಿತ್ತು. ಅದನ್ನೂ ಬರೆಯಲಿಲ್ಲ.

ಎರಡು ವಾರದೊಳಗೆ ಅದರ ಫಲ ಕಂಡಿತು. ಪಾಳಿಗಳ ಹೊಸ ಪಟ್ಟಿ ಬರೆದ ಪ್ರೋಗ್ರಾಮರ್ ನಾನು ಉಳಿಸಿದ ಹಾಳೆ ನಂಬಿ ಆ ತುಣುಕನ್ನು ಬಳಸಿದ್ದ. ಕಾರ್ಖಾನೆಯಲ್ಲಿ ಒಂದೇ ಹೆಸರಿನ, ಒಂದೇ ತಂದೆಯ ಹೆಸರಿನ ಇಬ್ಬರು ಕೂಲಿಗಳಿದ್ದರು. ಒಬ್ಬ ತೆಂಗಳಿಯವ, ಒಬ್ಬ ಮಳಖೇಡದವ. ಊರಿನ ಹೆಸರೇ ಅವರನ್ನು ಬೇರೆ ಮಾಡುತ್ತಿದ್ದದ್ದು. ತುಣುಕು ಅದನ್ನು ಕತ್ತರಿಸಿತು. ಪಟ್ಟಿಯಲ್ಲಿ ಇಬ್ಬರೂ ಒಬ್ಬನೇ ಆದರು. ಗೇಟಿನವ ಮೊದಲು ಬಂದ ಮಳಖೇಡದವನನ್ನು ಒಳಗೆ ಬಿಟ್ಟು ತೆಂಗಳಿಯವನನ್ನು ನಿಲ್ಲಿಸಿದ.

ನಾನು ಬಸ್ಸಿನಿಂದ ಇಳಿದಾಗ ಆತ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ, ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ನನ್ನ ಕೈಯಲ್ಲಿ ಕಂಪ್ಯೂಟರಿನ ಕಾಗದ ಕಂಡು ಎದ್ದು ಬಂದ.

"ಅವ್ವಾ, ನೀ ಕಂಪ್ಯೂಟರ್ ಆಫೀಸಿನಾಕಿ ಅಲ್ಲ? ನನ್ನ ಹೆಸರಿನ ಮಳಖೇಡದವನ್ನ ಒಳಗ ಬಿಟ್ಟಾರ, ನನ್ನ ಹೆಸರು ಯಾಕ ತೆಗೆದಾರ ನೋಡಿ ಹೇಳವ್ವ. ನಾ ಏನ್ ತಪ್ಪು ಮಾಡೀನಿ?"

"ನನಗ ಗೊತ್ತಿಲ್ರಿ" ಎಂದೆ. ಗೊತ್ತಿತ್ತು. ಗೇಟು ದಾಟುವ ಮೊದಲೇ, ಏನಾಗಿದೆ ಎಂಬುದು ನನಗೆ ಪೂರ್ತಿ ತಿಳಿದುಹೋಗಿತ್ತು. ಅವನು ಮಧ್ಯಾಹ್ನದವರೆಗೆ ಅಲ್ಲೇ ಕುಳಿತಿದ್ದನಂತೆ. ಪಟ್ಟಿಯನ್ನು ಕೈಯಿಂದ ತಿದ್ದಿ ಮರುದಿನ ಕರೆದುಕೊಂಡರು. ಯಾರ ತಪ್ಪು ಎಂದು ಆಗ ಯಾರೂ ವಿಚಾರಿಸಲಿಲ್ಲ. ನಾನು ಬಾಯಿ ಬಿಡಲಿಲ್ಲ. ಎಚ್ಚರಿಕೆಯ ಸಾಲನ್ನು ಮಾತ್ರ ಆ ದಿನವೇ ನನ್ನ ಕೈಬರಹದಲ್ಲಿ ಹಾಳೆಯ ಕೆಳಗೆ ಸೇರಿಸಿದೆ, ಮೊದಲಿನಿಂದಲೂ ಇದ್ದಂತೆ.

ಆಮೇಲೆ ಡೇಡಿಫ್ ಬಂತು. ಎರಡು ತಾರೀಖು ಕೊಟ್ಟರೆ ನಡುವಿನ ದಿನ ಎಣಿಸಿ ಹೇಳುವ ತುಣುಕಿಗೆ ಆ ಹೆಸರು. ತಾರೀಖು ಖಾಲಿ ಇದ್ದರೆ ಈ ತುಣುಕು ಸೊನ್ನೆ ಕೊಡುತ್ತದೆ, ಬಳಸುವವರು ಮೊದಲೇ ನೋಡಿಕೊಳ್ಳಬೇಕು ಎಂದು ಹೋದವನ ಹಾಳೆ ಹೇಳುತ್ತಿತ್ತು. ಖಾಲಿ ಇದ್ದರೆ ತಪ್ಪು ಎಂದು ತಾನೇ ಹೇಳುತ್ತದೆ, ಬಳಸುವವರು ಚಿಂತಿಸಬೇಕಾಗಿಲ್ಲ ಎಂದು ಹಿರಿಯ ಪ್ರೋಗ್ರಾಮರನ ಹಾಳೆ. ಊಟದ ಹೊತ್ತಿನಲ್ಲಿ ಯಂತ್ರದ ಮುಂದೆ ಕುಳಿತು ಖಾಲಿ ತಾರೀಖು ಕೊಟ್ಟೆ. ಪರದೆಯ ಮೇಲೆ ಸೊನ್ನೆ ಬಂತು. ಮತ್ತೊಮ್ಮೆ ಕೊಟ್ಟೆ. ಸೊನ್ನೆಯೇ.

ಈ ಸಲ ಸಿಟ್ಟಿನಿಂದ ಆರಿಸಲಿಲ್ಲ. ಅವನ ಹಾಳೆ ತೆಗೆದು, ಪರದೆಯಲ್ಲಿ ಬಂದದ್ದನ್ನು ಅಚ್ಚು ಹಾಕಿಸಿ, ಹೋದವನ ಹಾಳೆಗೆ ಪಿನ್ನು ಚುಚ್ಚಿ ಫೈಲನ್ನು ಹಿರಿಯ ಪ್ರೋಗ್ರಾಮರನ ಮುಂದೆ ಇಟ್ಟೆ. ಅವನು ನೋಡಲಿಲ್ಲ. ಹೋದವನ ಹಾಳೆಯನ್ನು ಫೈಲಿನಿಂದ ಕಿತ್ತು, ಎರಡು ಸೀಳು ಮಾಡಿ ಬುಟ್ಟಿಗೆ ಹಾಕಿದ. ತನ್ನ ಹಾಳೆಯನ್ನು ಮತ್ತೆ ಫೈಲಿಗೆ ಏರಿಸಿದ.

"ಇನ್ನ ಮುಂದ ತಾರೀಖಿನ ತುಣುಕು ನೀವು ಮುಟ್ಟಬ್ಯಾಡ್ರಿ."

"ಸರ್, ಸೊನ್ನೆ ಬರ್ಲಿಕತ್ತದ. ಕಣ್ಣಾರೆ ನೋಡೀನಿ."

"ನೀವು ತಪ್ಪು ಕೊಟ್ಟಿರಬೇಕು."

"ಯಾರರೆ ಇದನ್ನ ನಂಬಿ ಪ್ರೋಗ್ರಾಮ್ ಬರೆದಿದ್ರ?"

"ನಾ ಬರೆದೀನಿ. ಏನಾಗ್ಯದ? ಆಕಾಶ ಕಳಚಿ ಬಿದ್ದದೇನು?"

ಆ ಮಾತು ಹಿಡಿದು ಹುಡುಕಿದೆ. ಡೇಡಿಫ್ ಬಳಸಿ ಅವನು ಬರೆದ ಪ್ರೋಗ್ರಾಮ್ ಒಂದೇ: ಕಾರ್ಖಾನೆಯ ತಂತಿ ಹಗ್ಗಗಳ ತಪಾಸಣೆಯ ಪಟ್ಟಿ. ಕ್ರೇನುಗಳಿಗೆ, ಮೇಲೆತ್ತುವ ಯಂತ್ರಗಳಿಗೆ ಹಾಕಿದ ಉಕ್ಕಿನ ಹಗ್ಗಗಳನ್ನು ಕೊನೆಯ ಸಲ ಯಾವಾಗ ನೋಡಿದರು, ಎಷ್ಟು ದಿನ ಆಯಿತು ಎಂದು ಎಣಿಸಿ, ದಿನ ಮೀರಿದವನ್ನು ವಾರಕ್ಕೊಮ್ಮೆ ಅಚ್ಚು ಹಾಕುವ ಪಟ್ಟಿ. ಕೊನೆಯ ತಪಾಸಣೆಯ ತಾರೀಖು ತುಂಬದೆ ಬಿಟ್ಟ ಹಗ್ಗವಿದ್ದರೆ ಡೇಡಿಫ್ ಸೊನ್ನೆ ದಿನ ಎನ್ನುತ್ತದೆ. ಇವತ್ತೇ ನೋಡಿದಂತೆ. ನಾಳೆಯೂ ಸೊನ್ನೆ, ಬರುವ ವರ್ಷವೂ ಸೊನ್ನೆ. ಆ ಹಗ್ಗ ಯಾವತ್ತೂ ಪಟ್ಟಿಗೆ ಬರುವುದಿಲ್ಲ.

ಹಳೆಯ ವಾರಗಳ ಪಟ್ಟಿಗಳನ್ನೆಲ್ಲ ತೆಗೆದುಕೊಂಡೆ. ಸುಳ್ಳು ಹೇಳಬಾರದು, ನನಗೆ ಖುಷಿಯೂ ಆಯಿತು. ಅವನು ಸಿಕ್ಕಿಬಿದ್ದ ಎಂದುಕೊಂಡೆ.

ಹಗ್ಗಗಳ ವಿಭಾಗದ ಮಿಸ್ತ್ರಿ ಚಿಂಚೋಳಿ ಕಡೆಯವರು, ಚಂದ್ರಂಪಳ್ಳಿಯ ಹತ್ತಿರ ಅವರಿಗೆ ಹೊಲ ಇತ್ತು. ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. ಬೇರೆ ವಿಭಾಗಕ್ಕೆ ಹೋಗಬೇಕಾದರೆ ಅಪ್ಪಣೆ ಚೀಟಿ ಬೇಕಿತ್ತು; ಚೀಟಿಗೆ ಸಹಿ ಹಾಕುವವನು ಹಿರಿಯ ಪ್ರೋಗ್ರಾಮರನೇ. ಚೀಟಿ ಇಲ್ಲದೆಯೇ ಹೋದೆ. ಮಿಸ್ತ್ರಿ ನನ್ನನ್ನು ಕಂಡೊಡನೆ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟರು.

"ಏನು, ಕಂಪ್ಯೂಟರ್ ಬಾಯಿ ಇಲ್ಲಿತನ ಬಂದೀರಿ? ನಮ್ಮ ಹುಡುಗರನ್ನ ಮನಿಗಿ ಕಳಿಸೋ ಪಟ್ಟಿ ತಂದೀರೇನು?"

"ಹಗ್ಗದ ಪಟ್ಟಿ ನೋಡ್ಲಿಕ್ಕಿ ಬಂದೀನಿ ಕಾಕಾ."

"ನಿಮ್ಮ ಪಟ್ಟಿ ಬಂದ ಮ್ಯಾಲ ನಮ್ಮ ಕಣ್ಣಿಗಿ ಕೆಲಸ ಇಲ್ಲ. ಮೊದಲ ನಾ ದಿನಾ ಅಡ್ಡಾಡಿ ಎಲ್ಲಾ ಹಗ್ಗ ನೋಡ್ತಿದ್ದೆ. ಈಗ ಸಾಹೇಬ್ರು ಏನಂತಾರ? ಪಟ್ಟಿದಾಗ ಇದ್ದದ್ದು ನೋಡು, ಇಲ್ಲದ್ದಕ್ಕ ಟೈಮ್ ಹಾಳು ಮಾಡಬ್ಯಾಡ. ಹೋಗ್ರಿ ಬಾಯಿ, ನನಗ ಕೆಲಸ ಅದ."

"ಕಾಕಾ, ಪಟ್ಟಿ ತಪ್ಪು ಅದ ಅಂತ ಹೇಳ್ಲಿಕ್ಕೇ ಬಂದೀನಿ."

ಅದಕ್ಕೆ ಅವರು ನಿಂತರು. ಕಂಪ್ಯೂಟರಿನವರ ಬಾಯಿಂದ ಆ ಮಾತು ಅವರು ಕೇಳಿದ್ದು ಅದೇ ಮೊದಲಿರಬೇಕು. ಒಳಗೆ ಹೋಗಿ ಎಣ್ಣೆಯ ಕಲೆ ಹತ್ತಿದ ತಮ್ಮ ಹಳೆಯ ವಹಿ ಪುಸ್ತಕ ತಂದರು. ಒಂದು ಡ್ರಮ್ಮಿನ ಮೇಲೆ ವಹಿ, ಪಕ್ಕದಲ್ಲಿ ನಾನು ತಂದಿದ್ದ ಕಳೆದ ಹಲವು ವಾರಗಳ ಪಟ್ಟಿಗಳು. ಅವರು ಒಂದೊಂದು ಹಗ್ಗದ ಹೆಸರು ಓದಿದರು, ನಾನು ಪಟ್ಟಿಗಳಲ್ಲಿ ಹುಡುಕಿದೆ. ಎಲ್ಲವೂ ಒಂದಲ್ಲ ಒಂದು ವಾರ ಬಂದಿದ್ದವು. ಒಂದು ಮಾತ್ರ ಯಾವ ವಾರವೂ ಬಂದಿರಲಿಲ್ಲ. ಕಲ್ಲಿದ್ದಲು ಮೇಲಕ್ಕೆತ್ತುವ ಯಂತ್ರದ ಹಗ್ಗ.

"ಅದು ಹೊಸದು ಹಾಕೀವಿ" ಎಂದರು. ಆಮೇಲೆ ವಹಿಯ ಹಾಳೆ ಹಿಂದಕ್ಕೆ ತಿರುವಿ, "ಹೊಸದು ಅಂದ್ರ ಹೋದ ವರ್ಷದ ಬ್ಯಾಸಗಿ" ಎಂದರು.

ಹೊಸದೆಂದು ಅದರ ತಪಾಸಣೆಯ ತಾರೀಖನ್ನು ಯಾರೂ ತುಂಬಿರಲಿಲ್ಲ. ಅಲ್ಲಿಗೆ ನಡೆದೆವು. ಯಂತ್ರ ನಿಲ್ಲಿಸಲು ಅಲ್ಲಿದ್ದವನು ಮೊದಲು ಒಪ್ಪಲಿಲ್ಲ. ಮಿಸ್ತ್ರಿ ಅವನಿಗೆ ಬೈದ ಬೈಗುಳ ಅರ್ಧ ತೆಲುಗು. ಹಗ್ಗ ನಿಂತ ಮೇಲೆ ಎಣ್ಣೆ ಒರೆಸುವ ಒಂದು ಹಿಡಿ ನೂಲಿನ ವೇಸ್ಟು ತೆಗೆದುಕೊಂಡು ಹಗ್ಗದ ಸುತ್ತ ಹಿಡಿದು ಮೆಲ್ಲಗೆ ಎಳೆಯುತ್ತ ಹೋದರು. ಒಂದು ಮಾರು ದೂರ ಸಲೀಸಾಗಿ ಸರಿಯಿತು. ಆಮೇಲೆ ಕೈ ತಡೆಯಿತು. ಮತ್ತೆ ಎಳೆದರು, ಮತ್ತೆ ತಡೆಯಿತು. ಕೈ ತೆಗೆದಾಗ ಹಗ್ಗದ ಮೇಲೆ ಅಲ್ಲಲ್ಲಿ ಬಿಳಿ ನೂಲಿನ ಎಳೆಗಳು ಸಿಕ್ಕಿಕೊಂಡು ಉಳಿದಿದ್ದವು. ಹತ್ತಿರ ಹೋಗಿ ನೋಡಿದೆ. ಪ್ರತಿಯೊಂದು ಎಳೆಯ ಕೆಳಗೂ ಕಡಿದ ತಂತಿಯ ತುದಿ ಮುಳ್ಳಿನಂತೆ ಎದ್ದು ನಿಂತಿತ್ತು.

ಮಿಸ್ತ್ರಿ ಲೆಕ್ಕ ಹಾಕುವವರಂತೆ ತುಟಿ ಅಲುಗಿಸುತ್ತ ಮೇಲೆ ನೋಡಿದರು, ಕೆಳಗೆ ನೋಡಿದರು. ಕೆಳಗೆ, ಹಗ್ಗ ಕಡಿದರೆ ಬಕೆಟ್ಟು ಬೀಳುವ ಜಾಗದಲ್ಲಿ ನಾಲ್ಕು ಜನ ಸಲಿಕೆ ಹಿಡಿದು ಕಲ್ಲಿದ್ದಲು ಸರಿಸುತ್ತಿದ್ದರು.

"ಏಯ್, ಹೊರಗ ಬರ್ರಿ! ಎಲ್ಲಾರೂ ಹೊರಗ ಬರ್ರಿ!" ಎಂದು ಮಿಸ್ತ್ರಿ ಕೂಗಿದರು. ಕೊನೆಯವನು ಹೊರಗೆ ಬರುವವರೆಗೆ ಅಲ್ಲಿಂದ ಕದಲಲಿಲ್ಲ.

ಆ ಸಂಜೆಯೇ ಹಗ್ಗ ಬದಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ಕಾರಣ ಅದು ಯಾರಿಗೂ ದೊಡ್ಡ ಸುದ್ದಿಯೂ ಆಗಲಿಲ್ಲ. ಮರುದಿನ ಮ್ಯಾನೇಜರ್ ನನ್ನನ್ನೂ ಹಿರಿಯ ಪ್ರೋಗ್ರಾಮರನನ್ನೂ ಕರೆಸಿದರು. ನಾನು ಇಡೀ ರಾತ್ರಿ ಮಾತು ಜೋಡಿಸಿಕೊಂಡು ಬಂದಿದ್ದೆ. ಹಾಳೆ ಹರಿದದ್ದು, ಸೊನ್ನೆ, ಹಗ್ಗ, ಎಲ್ಲವನ್ನೂ ಹೇಳಿದೆ. ಅವನು ಅಡ್ಡ ಬರಲಿಲ್ಲ, ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಗಲಲ್ಲಿದ್ದ ಕಟ್ಟಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ. ಹೆಸರು ಸಾಲು ಹಚ್ಚುವ ತುಣುಕಿಗೆ ಅವನು ಬರೆದಿದ್ದ ಹಾಳೆ. ನಾನು ಕಿತ್ತು ತೆಗೆದಿದ್ದ ಹಾಳೆ.

"ಇದು ಯಾಕ ತೆಗೆದ್ರಿ ಅಂತ ಕೇಳ್ರಿ ಸರ್" ಎಂದ, ನನ್ನ ಕಡೆ ನೋಡದೆ. "ಇದ್ರಾಗ ತಪ್ಪೇನದ ಅಂತ ಕೇಳ್ರಿ. ಆ ಕೂಲಿ ಗೇಟಿನ ಮುಂದ ಕುಂತಿದ್ನಲ್ಲ, ಯಾರ ಸಲುವಾಗಿ ಅಂತ ಕೇಳ್ರಿ."

ಮ್ಯಾನೇಜರ್ ನನ್ನನ್ನು ಕೇಳಿದರು. "ಅವರ ಸಹಿ ಇತ್ತು, ಅದಕ್ಕ ತೆಗೆದೆ" ಎಂದೆ. ಅದನ್ನು ಹೇಳಲು ಬಹಳ ಕಷ್ಟವಾಯಿತು. ಹೇಳಿದ ಮೇಲೆ ಹಗುರವಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನನಗೆ ಆಗಲಿಲ್ಲ. ಅವನ ತುಟಿಯ ಕೊನೆಯಲ್ಲಿ ನಗು ಸುಳಿದದ್ದನ್ನು ನೋಡಿದೆ. ಆ ನಗುವನ್ನು ಕಿತ್ತು ಬಿಸಾಡಬೇಕು ಎನಿಸಿತು.

ಇಬ್ಬರಿಗೂ ಮೆಮೊ ಬಂತು. ಅವನಿಗೆ ಹಾಳೆ ಹರಿದದ್ದಕ್ಕೆ, ನನಗೆ ಹಾಳೆ ತೆಗೆದದ್ದಕ್ಕೆ ಮತ್ತು ಚೀಟಿ ಇಲ್ಲದೆ ಬೇರೆ ವಿಭಾಗಕ್ಕೆ ಹೋದದ್ದಕ್ಕೆ. ಹೀಗಾಗಿ ನನ್ನ ಮೆಮೊ ಅವನದಕ್ಕಿಂತ ಎರಡು ಸಾಲು ಉದ್ದ ಇತ್ತು. ಜೊತೆಗೆ ಒಂದು ಆಜ್ಞೆ: ಉಳಿದ ಜೋಡಿಗಳನ್ನು ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ನೋಡಬೇಕು. ತುಣುಕನ್ನು ಇಬ್ಬರ ಎದುರಿಗೇ ನಡೆಸಬೇಕು. ಉಳಿಯುವ ಹಾಳೆಗೆ ಇಬ್ಬರೂ ಸಹಿ ಹಾಕಬೇಕು.

ಮೂರು ವಾರ ಕುಳಿತೆವು. ಅವನು ನನಗೆ ಗುಡ್ ಮಾರ್ನಿಂಗ್ ಹೇಳಲಿಲ್ಲ, ನಾನು ನಮಸ್ಕಾರ ಹೇಳಲಿಲ್ಲ. ಅವನು ಚಹಾ ತರಿಸಿದರೆ ಒಂದೇ ಲೋಟ ಬರುತ್ತಿತ್ತು. ಕಿಟಕಿ ನಾನು ತೆರೆದರೆ ಅವನು ಮುಚ್ಚುತ್ತಿದ್ದ. ಮಾತು ಎಂದರೆ ತುಣುಕಿನ ಮಾತು ಮಾತ್ರ.

"ಇಲ್ಲಿ ಋಣ ಸಂಖ್ಯೆ ಕೊಟ್ಟು ನೋಡೀರೇನು?"

"ನೋಡೀನಿ."

"ನನ್ನ ಮುಂದ ಕೊಡ್ರಿ."

ಕೊಡುತ್ತಿದ್ದೆ. ನನ್ನ ಒಂದು ಅಲ್ಪವಿರಾಮವನ್ನೂ ಅವನು ಹಾಗೇ ಬಿಡಲಿಲ್ಲ. ನಾನೂ ಅವನ ಒಂದು ಶಬ್ದವನ್ನೂ ಮೂಲ ನೋಡದೆ ಒಪ್ಪಲಿಲ್ಲ. ಎರಡು ಸಲ ಅವನು ಸರಿಯಿದ್ದ. ಎರಡೂ ಸಲ ಸಹಿ ಹಾಕುವಾಗ ನನ್ನ ಪೆನ್ನು ಕಾಗದ ಹರಿಯುವಷ್ಟು ಒತ್ತಿತು. ಉಳಿದ ಜೋಡಿಗಳಲ್ಲಿ ಹೆಚ್ಚಿನವಕ್ಕೆ ಎರಡು ಹಾಳೆಯನ್ನೂ ಎಸೆದು ಮೂರನೆಯದನ್ನು ಬರೆದೆವು, ಏಕೆಂದರೆ ಹೋದವನೂ ಅಲ್ಲಲ್ಲಿ ತಪ್ಪಿದ್ದ. ಅದನ್ನು ಒಪ್ಪಿಕೊಳ್ಳಲು ನನಗೇ ಕಷ್ಟವಾಯಿತು. ಅವನಿಗೆ ಬಹಳ ಸಂತೋಷವಾಯಿತು. ಡೇಡಿಫ್ ಬಂದ ದಿನ ಅವನು ತಾನೇ ಹರಿದು ಬುಟ್ಟಿಗೆ ಹಾಕಿದ್ದ ಹಾಳೆಯ ಮಾತನ್ನೇ ತನ್ನ ಕೈಯಿಂದ ಅಕ್ಷರ ತಪ್ಪದೆ ಬರೆದು ನನ್ನ ಕಡೆ ತಳ್ಳಿದ. ಸಹಿ ಹಾಕಿದೆ. ಆಪಾ ಎಲ್ಲವನ್ನೂ ಕೊನೆಯ ಸಲ ಟೈಪ್ ಮಾಡಿ, "ಇನ್ನೊಂದ್ ಸಲ ತಂದ್ರ ಇಬ್ಬರನ್ನೂ ಮಷೀನದಾಗ ಹಾಕ್ತೀನಿ" ಎಂದಳು.

ಫೈಲು ಅರ್ಧಕ್ಕೆ ಇಳಿಯಿತು. ನಾನು ಅಲ್ಲಿದ್ದಷ್ಟು ವರ್ಷ ಆ ಫೈಲಿನಲ್ಲಿ ಒಂದೂ ತಪ್ಪು ಕಂಡುಬರಲಿಲ್ಲ. ಬಂದವರೆಲ್ಲ ಹೊಗಳಿದರು. ಇಬ್ಬರು ಎಷ್ಟು ಹೊಂದಿಕೊಂಡು ಮಾಡಿದ್ದೀರಿ ಎಂದು ಬೇರೆ ಕಾರ್ಖಾನೆಯಿಂದ ಬಂದವರೊಬ್ಬರು ಹೇಳಿದಾಗ ನಾವಿಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ತೆಂಗಳಿಯವನನ್ನು ಹುಡುಕಿಕೊಂಡು ಹೋದೆ. ತಪ್ಪು ನನ್ನದು, ಆವತ್ತು ನನಗೆ ಗೊತ್ತಿತ್ತು, ಗೊತ್ತಿಲ್ಲ ಎಂದು ಸುಳ್ಳು ಹೇಳಿದೆ ಎಂದೆ. "ಅವತ್ತೇ ಹೇಳಿದ್ರ ಮನಿಗಾದ್ರೂ ಹೋಗ್ತಿದ್ದೆ" ಎಂದು ಹೇಳಿ ಅವನು ಸಲಿಕೆ ಎತ್ತಿಕೊಂಡು ಹೋದ. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ನಾನು ಕೆಲಸ ಬಿಟ್ಟು ಶಹಾಬಾದಿನ ಶಾಲೆಯೊಂದಕ್ಕೆ ಗಣಿತ ಹೇಳಲು ಸೇರಿದ ಮೇಲೆ ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಹಿರಿಯ ಪ್ರೋಗ್ರಾಮರನನ್ನು ಕಂಡೆ. ನಿವೃತ್ತನಾಗಿರಬೇಕು, ತಲೆ ಪೂರ್ತಿ ಬೆಳ್ಳಗಾಗಿತ್ತು. ಫರ್ಸಿ ಕಲ್ಲಿನ ಕಟ್ಟೆಯ ಮೇಲೆ ಕೈಚೀಲ ಇಟ್ಟುಕೊಂಡು ಸೇಡಂ ಕಡೆಯ ಗಾಡಿ ಕಾಯುತ್ತ ಕುಳಿತಿದ್ದ. ಅವನೂ ನನ್ನನ್ನು ಕಂಡ. ಕೈಯಲ್ಲಿದ್ದ ಪೇಪರನ್ನು ಮುಖಕ್ಕೆ ಅಡ್ಡವಾಗಿ ಎತ್ತಿ ಹಿಡಿದ. ನನಗೂ ಅದೇ ಗಾಡಿಯಲ್ಲಿ ಚಿತ್ತಾಪುರಕ್ಕೆ ಹೋಗಬೇಕಿತ್ತು. ಗಾಡಿ ಬಂದಾಗ ಅವನು ಯಾವ ಡಬ್ಬಿ ಹತ್ತುತ್ತಾನೆ ಎಂದು ನೋಡಿಕೊಂಡು, ಎರಡು ಡಬ್ಬಿ ಬಿಟ್ಟು ಹತ್ತಿದೆ.